ಮೀನನ್ನು ಪಕ್ಕದಿಂದ ನೋಡಲು ಒಂದು ತೊಟ್ಟಿ



ನಾವು ಹೊಳೆಸೀಮೆಯ ಜನ. ನಂಜನಗೂಡಿನಲ್ಲಿ ಕಪಿಲೆ, ಕೆಳಗೆ ತಿರುಮಕೂಡಲಿನಲ್ಲಿ ಅದಕ್ಕೆ ಕಾವೇರಿಯ ಸಂಗಮ, ನಡುವೆ ಊರೂರು ಸುತ್ತುವ ನಾಲೆಗಳು. ಮೀನು ನಮಗೆ ಹೊಸದಲ್ಲ. ಸ್ನಾನಘಟ್ಟದಲ್ಲಿ ನಿಂತು ಪುರಿ ಎಸೆದಿದ್ದೇವೆ. ನಾಲೆಯ ಏರಿ ಮೇಲೆ ಕೂತು ಗಾಳ ಹಾಕಿದ್ದೇವೆ. ರಾಮನಾಥಪುರಕ್ಕೆ ಹೋದವರು ಅಲ್ಲಿ ಕಾವೇರಿಯ ಮಡುವಿನಲ್ಲಿ ದೇವರ ಮೀನುಗಳು ಗುಂಪುಗುಂಪಾಗಿ ಬಾಯಿ ತೆರೆದು ಬರುವುದನ್ನು ಕಂಡಿದ್ದೀರಿ. ಆದರೆ ಇಷ್ಟೂ ಕಡೆ ನಾವು ಮೀನನ್ನು ನೋಡಿರುವುದು ಮೇಲಿನಿಂದ.

ಮೇಲಿನಿಂದ ನೋಡುವವರ ಕಣ್ಣಿಗೆ ಬೀಳಬಾರದೆಂದೇ ಮೀನಿನ ಮೈ ರೂಪುಗೊಂಡಿದೆ. ಬೆನ್ನು ಮಬ್ಬು, ಹೊಟ್ಟೆ ಬಿಳುಪು. ಮೇಲೆ ಹಾರುವ ಕೊಕ್ಕರೆಗೆ, ಮಿಂಚುಳ್ಳಿಗೆ ಆ ಮಬ್ಬು ಬೆನ್ನು ತಳದ ಕೆಸರಿನೊಡನೆ ಬೆರೆತುಹೋಗುತ್ತದೆ. ಕೆಳಗಿನಿಂದ ನೋಡುವ ದೊಡ್ಡ ಮೀನಿಗೆ ಆ ಬಿಳಿ ಹೊಟ್ಟೆ ಆಕಾಶದ ಬೆಳಕಿನಲ್ಲಿ ಕರಗುತ್ತದೆ. ಬಣ್ಣ, ಪಟ್ಟೆ, ಚುಕ್ಕೆ, ರೆಕ್ಕೆಯ ಅಂಚು, ಕಿವಿರು ತೆರೆದು ಮುಚ್ಚುವ ಲಯ, ಇವೆಲ್ಲ ಇರುವುದು ಪಕ್ಕದಲ್ಲಿ. ಒಂದು ಮೀನು ಇನ್ನೊಂದು ಮೀನಿಗೆ ತೋರಿಸುವ ಮುಖ ಅದು. ಅದನ್ನು ನೋಡಬೇಕಾದರೆ ಮನುಷ್ಯ ನೀರಿಗೆ ಇಳಿಯಬೇಕು, ಇಲ್ಲವೆ ನೀರನ್ನು ಪಾರದರ್ಶಕ ಗೋಡೆಯ ಹಿಂದೆ ನಿಲ್ಲಿಸಬೇಕು.

ನಾನು ಹೆಮ್ಮರಗಾಲದವನು. ಸಂತಾನ ವೇಣುಗೋಪಾಲಸ್ವಾಮಿಯ ದರ್ಶನಕ್ಕೆ ಬಂದವರಿಗೆ ನಮ್ಮೂರು ಗೊತ್ತಿರುತ್ತದೆ. ನಮ್ಮ ಮನೆಯ ಪಡಸಾಲೆಯಲ್ಲಿ ಈಗ ಅಕ್ರಿಲಿಕ್ಕಿನ ಒಂದು ಮೀನಿನ ತೊಟ್ಟಿ ಇದೆ. ಅಂಗಡಿಯಿಂದ ತಂದದ್ದಲ್ಲ, ಮನೆಯಲ್ಲೇ ಕಟ್ಟಿದ್ದು. ನನಗೆ ಅದು ಮೊದಲ ತೊಟ್ಟಿ. ಅದನ್ನು ಕಟ್ಟುವ ಕ್ರಮವನ್ನೂ, ಆ ಕ್ರಮದ ಹಿಂದಿರುವ ಕಾರಣಗಳನ್ನೂ ನಿಮ್ಮ ಮುಂದೆ ಇಡಬೇಕೆಂದು ಈ ಹೊತ್ತು ಬಂದಿದ್ದೇನೆ. ಕ್ರಮ ಯಾರು ಬೇಕಾದರೂ ಹೇಳಿಕೊಡುತ್ತಾರೆ. ಕಾರಣ ಗೊತ್ತಿದ್ದರೆ ಕೈ ತಾನಾಗಿ ಸರಿಯಾದ ಕಡೆ ಹೋಗುತ್ತದೆ.

ಪಕ್ಕದಿಂದ ಮೀನು ನೋಡುವ ಅಭ್ಯಾಸ ಬಹಳ ಹಳೆಯದೇನಲ್ಲ. ಮೀನಿನ ಬಗ್ಗೆ ನಮ್ಮವರಿಗಿದ್ದ ತಿಳಿವಳಿಕೆ ದೊಡ್ಡದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗ ಮೀಸಲು. ಮೀನುಗಳ ಬಗೆ, ಅವಕ್ಕೆ ಹಾಕುವ ಆಹಾರ, ಗಾಳ ಹಿಡಿಯುವ ರೀತಿ ಎಲ್ಲವೂ ಅಲ್ಲಿ ಬಂದಿದೆ. ಆದರೂ ಅದು ದಡದಲ್ಲಿ ಕುಳಿತವನ ನೋಟ. ಗಾಜಿನ ತೊಟ್ಟಿಗಳನ್ನು ಸಾಲಾಗಿ ಇಟ್ಟು ಜನರಿಗೆ ತೋರಿಸುವ ಮತ್ಸ್ಯಗೃಹ ಲಂಡನ್ನಿನ ಮೃಗಾಲಯದಲ್ಲಿ ತೆರೆದದ್ದು 1853ರಲ್ಲಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರದು. 2021ರ ಜುಲೈನಲ್ಲಿ ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ 12 ಅಡಿ ಉದ್ದದ ಸುರಂಗದ ಅಕ್ವೇರಿಯಂ ಬಂತು. ತಲೆಯ ಮೇಲೂ ಎರಡು ಪಕ್ಕದಲ್ಲೂ ಮೀನು ಈಜುವ ಇಂಥ ಸುರಂಗಗಳು ಸಾಧ್ಯವಾದದ್ದು ಅಕ್ರಿಲಿಕ್ಕಿನಿಂದ. ಬಿಸಿ ಮಾಡಿದರೆ ಅದು ಬಾಗುತ್ತದೆ, ತಣಿದ ಮೇಲೆ ಬಾಗಿದಂತೆಯೇ ನಿಲ್ಲುತ್ತದೆ.

ಅಕ್ರಿಲಿಕ್ ಎಂದರೆ ಒಂದು ಬಗೆಯ ಪ್ಲಾಸ್ಟಿಕ್. ರಸಾಯನಶಾಸ್ತ್ರದಲ್ಲಿ ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂದು ಓದಿರುತ್ತೀರಿ. 1930ರ ದಶಕದಲ್ಲಿ ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಎಂದೂ ಇಂಗ್ಲೆಂಡಿನಲ್ಲಿ ಪರ್ಸ್ಪೆಕ್ಸ್ ಎಂದೂ ಮಾರುಕಟ್ಟೆಗೆ ಬಂತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಯುದ್ಧವಿಮಾನದ ಚಾಲಕ ಕೂರುವ ಜಾಗಕ್ಕೆ ಇದರದೇ ಗವಸು. ಗುಂಡೇಟಿಗೆ ಅದು ಒಡೆದು ಚೂರು ಚಾಲಕರ ಕಣ್ಣಿಗೆ ಹೊಕ್ಕರೂ ಕಣ್ಣು ಆ ಚೂರನ್ನು ಸಹಿಸಿಕೊಂಡು ಸುಮ್ಮನಿರುವುದನ್ನು ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರು ಗಮನಿಸಿದರು. 1949ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅದೇ ವಸ್ತುವಿನಿಂದ ಮಾಡಿದ ಮಸೂರವನ್ನು ರೋಗಿಯ ಕಣ್ಣೊಳಗೆ ಕೂರಿಸಿದರು. ಪೊರೆ ತೆಗೆದು ಲೆನ್ಸ್ ಹಾಕಿಸಿಕೊಂಡ ಅಜ್ಜ ಅಜ್ಜಿಯರು ನಮ್ಮ ಊರುಗಳಲ್ಲಿ ಎಷ್ಟು ಮಂದಿ! ಆ ಚಿಕಿತ್ಸೆಯ ಬೇರು ಇಲ್ಲಿದೆ. ಈ ಮಾತು ಯಾಕೆ ಹೇಳಿದೆನೆಂದರೆ, ಪ್ಲಾಸ್ಟಿಕ್ ತೊಟ್ಟಿ ಎಂದ ಕೂಡಲೇ ಮೀನಿಗೆ ವಿಷವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಗಟ್ಟಿಯಾದ ಅಕ್ರಿಲಿಕ್ ಜೀವದ ತಂಟೆಗೆ ಹೋಗದ ವಸ್ತು.

ಗಾಜು ಬಿಟ್ಟು ಇದನ್ನೇ ಯಾಕೆ ಆರಿಸಿಕೊಂಡೆ? ಒಂದು, ತೂಕ. ಅಕ್ರಿಲಿಕ್ಕಿನ ತೂಕ ಗಾಜಿನ ಅರ್ಧಕ್ಕಿಂತ ಕಡಿಮೆ. ಹಳ್ಳಿಯವರು ಸಾಮಾನು ಸಾಗಿಸುವುದು ಬಸ್ಸಿನಲ್ಲಿ, ಗೂಡ್ಸ್ ಆಟೋದಲ್ಲಿ. ಹಳ್ಳದ ರಸ್ತೆಯಲ್ಲಿ ಗಾಜಿನ ತೊಟ್ಟಿ ಕ್ಷೇಮವಾಗಿ ಬರುವುದು ಕಷ್ಟ. ಎರಡು, ಅದು ಸುಲಭಕ್ಕೆ ಒಡೆಯುವುದಿಲ್ಲ, ಒಡೆದರೂ ಗಾಜಿನ ಹಾಗೆ ಚೂರುಚೂರಾಗಿ ಸಿಡಿಯುವುದಿಲ್ಲ. ಮಕ್ಕಳು ಓಡಾಡುವ ಮನೆಗೆ ಇದು ಮುಖ್ಯ. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು, ಮೂಲೆ. ಗಾಜಿನ ತೊಟ್ಟಿಯ ಮೂಲೆಯಲ್ಲಿ ಸಿಲಿಕೋನಿನ ದಪ್ಪ ಗೆರೆ ನಿಂತು ನೋಟವನ್ನು ಕಡಿಯುತ್ತದೆ. ಚೆನ್ನಾಗಿ ಕೂಡಿಸಿದ ಅಕ್ರಿಲಿಕ್ಕಿನ ಮೂಲೆ ಗೋಡೆಯಷ್ಟೇ ಪಾರದರ್ಶಕ. ಬೆಳಕು ಗಾಜಿನಿಂದ ನೀರಿಗೆ ದಾಟುವಾಗ ಬಾಗುವುದಕ್ಕಿಂತ ಅಕ್ರಿಲಿಕ್ಕಿನಿಂದ ದಾಟುವಾಗ ತುಸು ಕಡಿಮೆ ಬಾಗುತ್ತದೆ. ದಪ್ಪ ಹೆಚ್ಚಿದರೂ ಗಾಜಿಗೆ ಬರುವ ಹಸಿರು ಛಾಯೆ ಇದಕ್ಕೆ ಬರುವುದಿಲ್ಲ.

ದೋಷಗಳನ್ನೂ ಹೇಳಬೇಕು. ಬೆಲೆ ಗಾಜಿಗಿಂತ ಹೆಚ್ಚು. ಪಾತ್ರೆ ತಿಕ್ಕುವ ಕಬ್ಬಿಣದ ನಾರು ಒಮ್ಮೆ ತಾಗಿದರೆ ಸಾಕು, ಗೀರು ಉಳಿಯುತ್ತದೆ. ಗಾಜು ಒರೆಸಲು ಮಾರುವ ದ್ರಾವಣ, ಸ್ಪಿರಿಟ್ ಇವನ್ನು ಹಚ್ಚಿದರೆ ಮೈಯೆಲ್ಲ ಕೂದಲೆಳೆಯಂಥ ಬಿರುಕು ಏಳುತ್ತದೆ. ಬಿಗಿಯಲ್ಲಂತೂ ಗಾಜಿನ ಮುಂದೆ ಅಕ್ರಿಲಿಕ್ ತೀರ ಮೆದು. ಅದೇ ದಪ್ಪದ ಗಾಜು ಇಪ್ಪತ್ತು ಪಟ್ಟಿಗಿಂತ ಹೆಚ್ಚು ಬಿಗಿ. ಹಾಗಾಗಿ ನೀರು ತುಂಬಿದರೆ ಅಕ್ರಿಲಿಕ್ ಗೋಡೆ ಹೊರಕ್ಕೆ ಉಬ್ಬುತ್ತದೆ. ಈ ಉಬ್ಬನ್ನು ಲೆಕ್ಕಕ್ಕೆ ತೆಗೆದುಕೊಂಡೇ ತೊಟ್ಟಿಯ ಅಳತೆ ಹಿಡಿಯಬೇಕು.

ಲೆಕ್ಕ ಕಷ್ಟದ್ದೇನಲ್ಲ, ಹೈಸ್ಕೂಲಿನದು. ನನ್ನ ತೊಟ್ಟಿಯ ಉದ್ದ 60 ಸೆಂಟಿಮೀಟರ್, ಅಗಲ 30, ಎತ್ತರ 30. ಗೋಡೆಯ ದಪ್ಪ ಕಳೆದರೆ ಹಿಡಿಯುವ ನೀರು ಸುಮಾರು 50 ಲೀಟರ್, ಅಂದರೆ 50 ಕಿಲೋ. ನೀರಿನ ಒತ್ತಡ ಆಳದ ಜೊತೆ ಏರುತ್ತದೆ. ಮೇಲ್ಮೈಯಲ್ಲಿ ಸೊನ್ನೆ, ತಳದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 30 ಗ್ರಾಂ. ಸರಾಸರಿ 15 ಗ್ರಾಂ ಎಂದು ಹಿಡಿದು 60 ಗುಣಿಸು 30 ಚದರ ಸೆಂಟಿಮೀಟರಿಗೆ ಕಟ್ಟಿದರೆ, ಮುಂದಿನ ಗೋಡೆಯನ್ನು ನೀರು ಹೊರಕ್ಕೆ ತಳ್ಳುವ ಬಲ 27 ಕಿಲೋ. ಉದ್ದ ಅಷ್ಟೇ ಇಟ್ಟು ಎತ್ತರವನ್ನು 45ಕ್ಕೆ ಏರಿಸಿ, ಬಲ 60 ಕಿಲೋ ದಾಟುತ್ತದೆ. 60ಕ್ಕೆ ಏರಿಸಿದರೆ 108 ಕಿಲೋ. ಎತ್ತರ ಎರಡು ಪಟ್ಟಾದಾಗ ಬಲ ನಾಲ್ಕು ಪಟ್ಟು. ಉದ್ದ ಎರಡು ಪಟ್ಟಾದರೆ ಬಲ ಎರಡೇ ಪಟ್ಟು. ಆದ್ದರಿಂದ ಮೊದಲ ಸಲ ಕಟ್ಟುವವರು ಎತ್ತರದ ಆಸೆ ಬಿಡಬೇಕು. ಮೀನಿಗೂ ಎತ್ತರಕ್ಕಿಂತ ಉದ್ದವೇ ಬೇಕು. ಅದು ಈಜುವುದು ಅಡ್ಡಕ್ಕೆ, ಗಾಳಿ ನೀರಿನಲ್ಲಿ ಬೆರೆಯುವುದು ಮೇಲ್ಮೈಯ ವಿಸ್ತಾರದಿಂದ.

ದಪ್ಪ ಎಷ್ಟಿರಬೇಕು? ಒಂದಡಿ ಎತ್ತರಕ್ಕೆ ಮೇಲೆ ಕಟ್ಟು ಕೂರಿಸಿದರೆ 6 ಎಂ.ಎಂ. ಸಾಕು ಎನ್ನುವವರಿದ್ದಾರೆ. ನಾನು 8 ಎಂ.ಎಂ. ಹಾಕಿದೆ. ಹಾಳೆಯ ಬಿಗಿ ಅದರ ದಪ್ಪದ ಘನದಂತೆ ಏರುತ್ತದೆ. 6ರಿಂದ 8ಕ್ಕೆ ಹೋದರೆ ದಪ್ಪ ಹೆಚ್ಚುವುದು ಮೂರನೆಯ ಒಂದು ಪಾಲು, ಬಿಗಿ ಹೆಚ್ಚುವುದು ಎರಡು ಪಟ್ಟಿಗೂ ಮೀರಿ. ಇಷ್ಟು ಲಾಭ ಇನ್ನೆಲ್ಲಿ ಸಿಗುತ್ತದೆ? ಖಾಲಿ ತೊಟ್ಟಿ ಒಂಬತ್ತು ಕಿಲೋದೊಳಗೇ ಮುಗಿಯಿತು. ಅಷ್ಟೇ ದಪ್ಪದ ಗಾಜಾಗಿದ್ದರೆ ಹದಿನೆಂಟು ಕಿಲೋ.

ಶೀಟು ಕೊಳ್ಳುವಾಗ ಅಂಗಡಿಯವರನ್ನು ಒಂದು ಮಾತು ಕೇಳಿ, ಇದು ಕಾಸ್ಟ್ ಶೀಟೋ, ಎಕ್ಸ್‌ಟ್ರೂಡೆಡ್ ಶೀಟೋ ಎಂದು. ಅಚ್ಚಿನಲ್ಲಿ ಹೊಯ್ದು ಗಟ್ಟಿ ಮಾಡಿದ್ದು ಕಾಸ್ಟ್. ಯಂತ್ರದ ಬಾಯಿಂದ ಒತ್ತಿ ಎಳೆದದ್ದು ಇನ್ನೊಂದು. ಎಳೆದ ಹಾಳೆಯ ಒಳಗೆ ಎಳೆತ ಉಳಿದಿರುತ್ತದೆ. ಕತ್ತರಿಸುವಾಗ ಅದು ಬೇಗ ಕರಗಿ ಅಲಗಿಗೆ ಮೆತ್ತಿಕೊಳ್ಳುತ್ತದೆ, ದ್ರಾವಕ ತಾಗಿದರೆ ಬಿರುಕು ಬಿಡುತ್ತದೆ. ತೊಟ್ಟಿಗೆ ಕಾಸ್ಟ್ ಶೀಟೇ ಆಗಬೇಕು.

ಈಗ ಅಂಚಿಗೆ ಬರೋಣ. ತೊಟ್ಟಿಯ ಕೆಲಸ ಮುಕ್ಕಾಲು ಪಾಲು ಅಂಚಿನ ಕೆಲಸ. ನೇಮ್‌ಬೋರ್ಡ್ ಮಾಡುವ ಅಂಗಡಿಗಳಲ್ಲಿ ಅಕ್ರಿಲಿಕ್ ಕತ್ತರಿಸಿ ಕೊಡುತ್ತಾರೆ, ಈಗ ಹೆಚ್ಚಿನ ಕಡೆ ಲೇಸರ್ ಯಂತ್ರ ಇದೆ. ಲೇಸರ್ ಕತ್ತರಿಸಿದ ಅಂಚು ಕನ್ನಡಿಯಷ್ಟು ಹೊಳೆಯುತ್ತದೆ, ನೋಡಲು ಸೊಗಸು. ಆದರೆ ಶಾಖದಿಂದ ಕರಗಿ ಹೆಪ್ಪುಗಟ್ಟಿದ ಅಂಚು ಅದು. ಒಳಗೆ ಬಿಗುವು ತುಂಬಿರುತ್ತದೆ, ದಪ್ಪ ಹಾಳೆಯಲ್ಲಿ ತುಸು ಓರೆಯೂ ಆಗಿರುತ್ತದೆ. ಅದಕ್ಕೆ ದ್ರಾವಕ ಬಿಟ್ಟರೆ ಕೂಡುಗೆರೆಯ ಉದ್ದಕ್ಕೂ ನವಿರು ಬಿರುಕು ಏಳಬಹುದು. ಬೆಂಕಿಯ ಜ್ವಾಲೆ ಆಡಿಸಿ ಹೊಳಪು ಬರಿಸಿದ ಅಂಚಿಗೂ ಇದೇ ಗತಿ. ಸಣ್ಣ ಹಲ್ಲಿನ ವೃತ್ತಗರಗಸದಲ್ಲಿ ಕತ್ತರಿಸಿ, ಆಮೇಲೆ ರೂಟರ್ ಯಂತ್ರದಲ್ಲಿ ನೇರ ಪಟ್ಟಿಯ ಆಸರೆ ಕೊಟ್ಟು ಅಂಚನ್ನು ಹೆರೆದರೆ ಮಂಕಾಗಿ ಕಂಡರೂ ಸಮತಟ್ಟಾದ ಅಂಚು ಬರುತ್ತದೆ. ನಮಗೆ ಬೇಕಾದದ್ದು ಅದು. ಬಾಗಿಲು ಕಿಟಕಿ ಮಾಡುವ ಮರಗೆಲಸದ ಅಂಗಡಿಗಳಲ್ಲಿ ರೂಟರ್ ಇದ್ದೇ ಇರುತ್ತದೆ.

ಉಪ್ಪುಕಾಗದದಿಂದ ಕೈಯಲ್ಲೇ ಉಜ್ಜಿ ಅಂಚು ಸರಿ ಮಾಡುತ್ತೇನೆ ಎನ್ನುವುದು ಬೇಡ. ಕೈಯಲ್ಲಿ ಉಜ್ಜುವಾಗ ಕಾಗದ ಅತ್ತಿತ್ತ ವಾಲಿ ಅಂಚಿನ ಎರಡೂ ಮಗ್ಗುಲು ಸವೆಯುತ್ತದೆ, ನಡು ಉಬ್ಬಿ ಉಳಿಯುತ್ತದೆ. 8 ಎಂ.ಎಂ. ಅಂಚಿನಲ್ಲಿ ಇನ್ನೊಂದು ಹಾಳೆಗೆ ತಾಗುವುದು ನಡುವಿನ ಒಂದೆರಡು ಎಂ.ಎಂ. ಮಾತ್ರ. ಉಜ್ಜಲೇಬೇಕಾದರೆ ಕಾಗದವನ್ನು ಗ್ರಾನೈಟ್ ಚಪ್ಪಡಿಯ ಮೇಲೆ ಅಂಟಿಸಿ, ಹಾಳೆಯನ್ನು ಮೂಲೆಮಟ್ಟದ ಆಸರೆಯಲ್ಲಿ ನೆಟ್ಟಗೆ ನಿಲ್ಲಿಸಿ ಎಳೆಯಬೇಕು. ಆಮೇಲೆ ಎರಡು ಹಾಳೆ ಕೂಡಿಸಿ ಬೆಳಕಿಗೆ ಹಿಡಿದು ನೋಡಿ. ಸಂದಿನಲ್ಲಿ ಬೆಳಕಿನ ಗೆರೆ ಕಂಡರೆ ಅಂಚು ಇನ್ನೂ ಸಿದ್ಧವಾಗಿಲ್ಲ.

ಅಂಟಿಸುವುದು ಎನ್ನುತ್ತೇವೆ, ನಿಜವಾಗಿ ಇಲ್ಲಿ ಅಂಟೇ ಇಲ್ಲ. ಗಾಜಿನ ತೊಟ್ಟಿಗೆ ಹಚ್ಚುವ ಸಿಲಿಕೋನ್ ಅಕ್ರಿಲಿಕ್ಕಿಗೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಸ್ವಲ್ಪ ಕಾಲಕ್ಕೆ ಸಿಪ್ಪೆಯಾಗಿ ಏಳುತ್ತದೆ. ಇಲ್ಲಿ ಬೇಕಾದ್ದು ನೀರಿನಷ್ಟು ತೆಳ್ಳಗಿನ ದ್ರಾವಕ. ಶೀಟಿನ ಅಂಗಡಿಯವರೇ ಕೊಡುತ್ತಾರೆ. ಕೆಲವರು ಕ್ಲೋರೋಫಾರ್ಮ್ ಕೊಡುತ್ತಾರೆ, ಕೆಲವರು ಡೈಕ್ಲೋರೋಮೀಥೇನ್. ಅಕ್ರಿಲಿಕ್ ಎಂದರೆ ಅಣುಗಳ ಉದ್ದುದ್ದ ಎಳೆಗಳು. ದ್ರಾವಕ ತಾಗಿದ ಕಡೆ ಆ ಎಳೆಗಳು ಸಡಿಲವಾಗುತ್ತವೆ. ಎರಡು ಹಾಳೆಗಳ ಸಡಿಲಗೊಂಡ ಎಳೆಗಳು, ಆಗತಾನೇ ಒತ್ತಿದ ಬಿಸಿ ಶಾವಿಗೆಯ ಎರಡು ಸುತ್ತುಗಳ ಹಾಗೆ, ಒಂದರೊಳಗೊಂದು ಹೊಕ್ಕು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿಹೋಗುತ್ತದೆ. ಉಳಿಯುವುದು ಒಂದೇ ಹಾಳೆ. ಹೀಗಾಗಿಯೇ ಅಂಚು ಪೂರ್ತಿ ತಾಗಿರಬೇಕು. ತಾಗದ ಕಡೆ ಹೆಣೆದುಕೊಳ್ಳಲು ಏನೂ ಇರುವುದಿಲ್ಲ, ಸಂದು ತುಂಬಲು ದ್ರಾವಕಕ್ಕೆ ಮೈಯಿಲ್ಲ.

ಕೂಡಿಸುವ ಹೊತ್ತನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಮುಂದಿನ ಗೋಡೆಯಾಗುವ ಹಾಳೆಯನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ. ರಸಮಟ್ಟ ಇಟ್ಟು ಮೇಜು ಸಮವಿದೆಯೇ ನೋಡಿಕೊಳ್ಳಿ. ಹೊದಿಕೆಯ ಕಾಗದವನ್ನು ಪೂರ್ತಿ ಕೀಳಬೇಡಿ. ಅಂಚಿನ ಹತ್ತಿರ ಎರಡು ಬೆರಳಿನಷ್ಟು ಮಾತ್ರ ಬಿಡಿಸಿ. ಪಕ್ಕದ ಹಾಳೆಯನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ ಮೂಲೆಮಟ್ಟಕ್ಕೆ ಆನಿಸಿ. ಈಗ ಎರಡರ ನಡುವೆ, ಅಂಗುಲ ಎರಡಂಗುಲಕ್ಕೆ ಒಂದರಂತೆ, ಗುಂಡುಸೂಜಿ ತೂರಿಸಿ. ಹಾಳೆ ಸೂಜಿಯಷ್ಟು ಮೇಲೆ ನಿಲ್ಲುತ್ತದೆ. ಸಣ್ಣ ಸೂಜಿಯ ಸಿರಿಂಜಿನಲ್ಲಿ ದ್ರಾವಕ ತೆಗೆದುಕೊಂಡು ಒಳಮೂಲೆಯ ಗುಂಟ ನಿಧಾನ ಎಳೆಯಿರಿ. ದ್ರಾವಕ ತಾನೇ ಸಂದಿಗೆ ಓಡುತ್ತದೆ. ಅದು ಓಡುವುದು ಕಣ್ಣಿಗೆ ಕಾಣುತ್ತದೆ. ಮಂಕಾಗಿದ್ದ ಅಂಚು ಒದ್ದೆಯಾದ ಕಡೆಯೆಲ್ಲ ತಟ್ಟನೆ ತಿಳಿಯಾಗುತ್ತ ಆ ತಿಳಿ ಈ ತುದಿಯಿಂದ ಆ ತುದಿಗೆ ಸರಿಯುತ್ತದೆ. ಅರ್ಧ ನಿಮಿಷ ಸುಮ್ಮನಿರಿ. ಅಂಚು ಮೆದುವಾಗಲಿ. ಆಮೇಲೆ ಗುಂಡುಸೂಜಿಗಳನ್ನು ಒಂದೊಂದಾಗಿ ಎಳೆದುಬಿಡಿ. ಹಾಳೆ ತನ್ನ ಭಾರಕ್ಕೇ ಕೆಳಗೆ ಕೂರುತ್ತದೆ, ಸಂದಿನ ಗಾಳಿಗುಳ್ಳೆಗಳು ಹೊರಕ್ಕೆ ಹೋಗುತ್ತವೆ. ಮೇಲಿನಿಂದ ಒತ್ತಬೇಡಿ. ಒತ್ತಿದರೆ ಮೆದುವಾದ ಅಕ್ರಿಲಿಕ್ ಹಿಂಡಿಹೋಗಿ ಕೂಡುಗೆರೆ ಬಡಕಲಾಗುತ್ತದೆ. ಗುಳ್ಳೆ ಉಳಿದರೆ ಬೆಳ್ಳಿಯ ಚುಕ್ಕೆಯಾಗಿ ಕಾಣುತ್ತದೆ. ಅಲ್ಲೊಂದು ಇಲ್ಲೊಂದಾದರೆ ಚಿಂತೆಯಿಲ್ಲ. ಅಂಚಿನ ಈ ಮಗ್ಗುಲಿಂದ ಆ ಮಗ್ಗುಲಿಗೆ ಸಾಲು ಹಿಡಿದಿದ್ದರೆ ನೀರಿಗೆ ದಾರಿಯಾಯಿತೆಂದೇ ತಿಳಿಯಬೇಕು.

ಸಿರಿಂಜಿನ ಒಳಗಿನ ರಬ್ಬರು ಈ ದ್ರಾವಕಕ್ಕೆ ಊದಿಕೊಂಡು ಬಿಗಿಯಾಗುತ್ತದೆ, ಅಲ್ಲಾಡದೆ ನಿಂತುಬಿಡುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ತುಂಬಿಕೊಳ್ಳಿ, ಎರಡು ಮೂರು ಸಿರಿಂಜ್ ಪಕ್ಕದಲ್ಲಿರಲಿ. ಇದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ನೆಲದ ಮಟ್ಟದಲ್ಲಿ ತುಂಬಿ ನಿಲ್ಲುತ್ತದೆ. ಉಸಿರಿನಲ್ಲಿ ಹೋದರೆ ತಲೆ ಸುತ್ತುತ್ತದೆ, ಯಕೃತ್ತಿಗೆ ಕೆಡುಕು. ಈ ಕೆಲಸ ಅಂಗಳದಲ್ಲಿ, ನೆರಳಿನಲ್ಲಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವ ಹಾಗೆ ಕೂತು ಮಾಡುವಂಥದ್ದು. ಮಕ್ಕಳು ಆ ಹೊತ್ತು ಹತ್ತಿರ ಇರಕೂಡದು. ಗವಸು ಹಾಕಿದ್ದರೂ ದ್ರಾವಕ ಅದರೊಳಗೆ ಇಳಿಯುತ್ತದೆ, ಚೆಲ್ಲಿದ ಕೂಡಲೇ ಗವಸು ತೆಗೆದು ಕೈ ತೊಳೆಯಿರಿ. ಉಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಹೆಸರು ಬರೆದು, ಕೈಗೆಟುಕದ ಕಡೆ ಇಡಿ. ಈ ವಿಷಯದಲ್ಲಿ ಉದಾಸೀನ ಸಲ್ಲದು.

ನಾಲ್ಕು ಗೋಡೆ ನಿಂತ ಮೇಲೆ ತಳ, ತಳದ ನಂತರ ಮೇಲಿನ ಕಟ್ಟು. ಈ ಮೇಲಿನ ಕಟ್ಟನ್ನು ಅಲಂಕಾರವೆಂದು ಬಿಟ್ಟುಬಿಡುವವರಿದ್ದಾರೆ. ಗೋಡೆಯ ಕೆಳ ಅಂಚನ್ನು ತಳ ಹಿಡಿದಿರುತ್ತದೆ, ಎರಡು ಪಕ್ಕವನ್ನು ಪಕ್ಕದ ಗೋಡೆಗಳು ಹಿಡಿದಿರುತ್ತವೆ. ಮೇಲಿನ ಅಂಚಿಗೆ ಯಾರ ಆಸರೆಯೂ ಇಲ್ಲ. ಗೋಡೆ ಉಬ್ಬುವುದು ಅಲ್ಲಿಂದಲೇ. ಹಾಗಾಗಿ ತಳದಷ್ಟೇ ದೊಡ್ಡ ಇನ್ನೊಂದು ಹಾಳೆ ತೆಗೆದುಕೊಂಡು, ಸುತ್ತ ನಾಲ್ಕು ಬೆರಳು ಬಿಟ್ಟು ನಡುವಿನ ಭಾಗ ಕತ್ತರಿಸಿ ತೆಗೆದು, ಆ ಚೌಕಟ್ಟನ್ನು ಮೇಲೆ ಕೂರಿಸಬೇಕು. ಕತ್ತರಿಸುವಾಗ ಒಳಮೂಲೆಗಳು ಗುಂಡಗಿರಲಿ. ಚೂಪು ಮೂಲೆಯಲ್ಲಿ ಎಳೆತವೆಲ್ಲ ಒಂದೇ ಬಿಂದುವಿಗೆ ಬಂದು ಕೂಡುತ್ತದೆ, ಸೀಳು ಶುರುವಾಗುವುದು ಅಲ್ಲಿಂದ. ಕತ್ತರಿಸಿ ತೆಗೆದ ನಡುವಿನ ತುಂಡು ಮುಚ್ಚಳಕ್ಕೆ ಬರುತ್ತದೆ.

ಒಂದೆರಡು ದಿನ ಒಣಗಲು ಬಿಟ್ಟು ಆಮೇಲೆ ನೀರಿನ ಪರೀಕ್ಷೆ. ತೊಟ್ಟಿಯ ತಳ ಪೂರ್ತಿ ಕೂರುವಂಥ ಸಮ ಜಾಗ ಬೇಕು. ಅಡಿಗೆ ಒಂದು ತೆಳು ಥರ್ಮೋಕೋಲ್ ಹಾಳೆ ಹಾಸಿದರೆ ಕಲ್ಲಿನ ಏರುತಗ್ಗು ತಳಕ್ಕೆ ಒತ್ತುವುದಿಲ್ಲ. ನಮ್ಮ ಅಂಗಳದಲ್ಲಿ ನೀರು ತುಂಬಿಸುವಾಗ ಬೀದಿಯ ಮಕ್ಕಳೆಲ್ಲ ಬಂದು ನಿಂತಿದ್ದರು. “ಮೇಷ್ಟ್ರೇ, ನೀರು ಬಿಟ್ರೆ ಅಂಟು ಕರಗೋಗಲ್ವಾ?” ಎಂದು ಒಬ್ಬ ಕೇಳಿದ. ಏಳನೆಯ ಕ್ಲಾಸಿನ ಹುಡುಗ. ಒಳ್ಳೆಯ ಪ್ರಶ್ನೆ. ದ್ರಾವಕದಲ್ಲಿ ಕರಗುವ ವಸ್ತು ನೀರಿನಲ್ಲಿ ಕರಗದೇ ಇರುವುದು ಹೇಗೆಂದು ಅವನ ತಲೆಯಲ್ಲಿ ಓಡುತ್ತಿತ್ತು. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ, ಒಂದೊಂದು ವಸ್ತುವಿಗೆ ಒಂದೊಂದು ದ್ರಾವಕ ಎಂದು ಹೇಳಿದೆ. ಗೋಡೆಯ ಮುಂದೆ ಈ ಮೂಲೆಯಿಂದ ಆ ಮೂಲೆಗೆ ದಾರ ಬಿಗಿದು ಹಿಡಿಯಲು ಅವನಿಗೇ ಕೊಟ್ಟೆ. ಖಾಲಿ ಇದ್ದಾಗ ಗೋಡೆಗೆ ಮೆಲ್ಲಗೆ ತಾಗಿಯೂ ನೆಟ್ಟಗಿದ್ದ ದಾರವನ್ನು ನೀರು ಏರಿದಂತೆ ನಡುವಿನಲ್ಲಿ ಗೋಡೆ ಹೊರಕ್ಕೆ ತಳ್ಳತೊಡಗಿತು. ಉಬ್ಬು ಬಹಳ ಕಡಿಮೆ, ಬರಿಗಣ್ಣಿಗೆ ತಿಳಿಯದು, ದಾರ ತೋರಿಸುತ್ತದೆ. ಇಷ್ಟು ಉಬ್ಬು ಇರುವಂಥದ್ದೇ. ದಿನದಿಂದ ದಿನಕ್ಕೆ ಹೆಚ್ಚುತ್ತ ಹೋದರೆ ಮಾತ್ರ ಯೋಚಿಸಬೇಕು.

ಅಕ್ರಿಲಿಕ್ ನೀರನ್ನು ತುಸು ಹೀರಿಕೊಳ್ಳುತ್ತದೆ. ನೀರಿನಲ್ಲಿ ವರ್ಷಗಟ್ಟಲೆ ಇದ್ದು ಹಿಗ್ಗಿದ ಒಳಮೈ, ತೊಟ್ಟಿ ಖಾಲಿ ಮಾಡಿದರೆ ಒಣಗಿ ಕುಗ್ಗುತ್ತದೆ, ಆ ಕುಗ್ಗುವಿಕೆ ಹಾಳೆಯಲ್ಲಿ ಎಳೆತ ತರುತ್ತದೆ. ಬರ್ಲಿನ್ ನಗರದ ಒಂದು ಹೋಟೆಲಿನಲ್ಲಿ ಸುಮಾರು 10 ಲಕ್ಷ ಲೀಟರ್ ನೀರು ಹಿಡಿಯುವ ಅಕ್ರಿಲಿಕ್ಕಿನ ಸಿಲಿಂಡರ್ ಅಕ್ವೇರಿಯಂ ಇತ್ತು. 2022ರ ಡಿಸೆಂಬರ್ 16ರ ಬೆಳಗಿನ ಜಾವ ಅದು ಒಡೆದುಹೋಯಿತು. ಸುಮಾರು 1500 ಮೀನುಗಳಲ್ಲಿ ಬಹುಪಾಲು ಸತ್ತವು. ಅದಕ್ಕೆ ಕೆಲವೇ ತಿಂಗಳ ಹಿಂದೆ ತೊಟ್ಟಿಯನ್ನು ಬರಿದು ಮಾಡಿ ನವೀಕರಿಸಿ ಮತ್ತೆ ತುಂಬಿಸಿದ್ದರು. ಇದೇ ಕಾರಣ ಎಂದು ತಜ್ಞರು ಖಚಿತವಾಗಿ ಬೆರಳು ತೋರಿಸಲಾಗಲಿಲ್ಲ. ಆದರೆ ಅವರು ಪರಿಶೀಲಿಸಿದ ಸಾಧ್ಯತೆಗಳಲ್ಲಿ ಕೂಡುಗೆರೆಯ ಸೋಲೂ ಇತ್ತು, ಖಾಲಿ ಇದ್ದಾಗ ಅಕ್ರಿಲಿಕ್ ಒಣಗಿದ್ದೂ ಇತ್ತು. ನಮ್ಮ ಪಡಸಾಲೆಯ 50 ಲೀಟರಿಗೂ ಅದಕ್ಕೂ ಹೋಲಿಕೆ ಇಲ್ಲ, ನಿಜ. ವಸ್ತುವಿನ ಗುಣ ಮಾತ್ರ ಒಂದೇ. ಜಪಾನಿನ ಓಕಿನಾವಾದಲ್ಲಿ 2002ರಲ್ಲಿ ತೆರೆದ ಚುರಾಉಮಿ ಅಕ್ವೇರಿಯಂನ ಮುಖ್ಯ ಗೋಡೆ 8.2 ಮೀಟರ್ ಎತ್ತರ, 22.5 ಮೀಟರ್ ಅಗಲ, 60 ಸೆಂಟಿಮೀಟರ್ ದಪ್ಪ. ಅಕ್ರಿಲಿಕ್ ಹಾಳೆಗಳನ್ನು ಒಂದಕ್ಕೊಂದು ಕೂಡಿಸಿ ಕಟ್ಟಿದ ಆ ಗೋಡೆ ಇಂದಿಗೂ ತಿಮಿಂಗಿಲ ಶಾರ್ಕನ್ನು ಜನರಿಗೆ ಪಕ್ಕದಿಂದ ತೋರಿಸುತ್ತಿದೆ. ಕೂಡುಗೆರೆ ಸರಿಯಿದ್ದರೆ ಅಕ್ರಿಲಿಕ್ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಅದೇ ಸಾಕ್ಷಿ.

ತೊಟ್ಟಿ ನಿಂತಿತು ಎಂದು ಅದೇ ದಿನ ಮೀನು ಬಿಡುವುದು ಮೀನನ್ನು ಕೊಂದಂತೆ. ನಲ್ಲಿಯ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಇರುತ್ತದೆ. ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದು ಆರುತ್ತದೆ. ಬೋರ್‌ವೆಲ್ ನೀರಾದರೆ ಗಡಸು, ನೀರಿನ ಮಟ್ಟದ ಗುಂಟ ಗೋಡೆಗೆ ಬಿಳಿ ಪಟ್ಟೆ ಕಟ್ಟುತ್ತದೆ. ಅದನ್ನು ನಿಂಬೆರಸದ ಬಟ್ಟೆಯಿಂದ ಒರೆಸಿ, ಕೆರೆಯಬೇಡಿ. ಮಳೆನೀರು ಬೆರೆಸಿಕೊಂಡರೆ ಇನ್ನೂ ಒಳ್ಳೆಯದು. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಬಿಡುತ್ತದೆ. ಹೊಳೆಯಲ್ಲಾದರೆ ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಹೋಗುವುದೆಲ್ಲಿಗೆ? ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಸ್ಪಂಜಿನ ಫಿಲ್ಟರಿನಲ್ಲಿ, ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನು ಸಾಕುವ ಗೆಳೆಯರಿದ್ದರೆ ಅವರ ಹಳೆಯ ಫಿಲ್ಟರಿನ ಸ್ಪಂಜಿನ ಒಂದು ತುಂಡು ತನ್ನಿ, ಕೆಲಸ ಬೇಗವಾಗುತ್ತದೆ. ಮೊದಲು ಮೂರು ನಾಲ್ಕು ಸಣ್ಣ ಮೀನು, ಆಮೇಲೆ ನೋಡಿಕೊಂಡು ಇನ್ನಷ್ಟು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೆಗೆದ ನೀರು ಕರಿಬೇವಿನ ಗಿಡಕ್ಕೆ ಗೊಬ್ಬರ.

ಯಾವ ಮೀನು? ಆರೋಗ್ಯ ಇಲಾಖೆಯವರು ಸೊಳ್ಳೆಮರಿ ತಿನ್ನಲೆಂದು ಹಂಚುವ ಗಪ್ಪಿ ಎಲ್ಲರಿಗೂ ಸಿಗುತ್ತದೆ, ಗಟ್ಟಿ ಜೀವ. ನಾನು ನಾಲೆಯ ಮೀನು ಬಿಟ್ಟಿದ್ದೇನೆ. ನಾಲೆಗೆ ನೀರು ನಿಲ್ಲಿಸಿದಾಗ ಗುಂಡಿಗಳಲ್ಲಿ ಸಣ್ಣ ಮೀನು ಸಿಕ್ಕಿಹಾಕಿಕೊಂಡು ಬಿಸಿಲಿಗೆ, ಕೊಕ್ಕರೆಗೆ ಮುಗಿಯುತ್ತವೆ. ಬಾಲದ ಬುಡದಲ್ಲಿ ಕಪ್ಪು ಬೊಟ್ಟಿರುವ ಗೆಂಡೆ ಮರಿಗಳು, ತಲೆಯ ಮೇಲೆ ಬೆಳ್ಳಿಯ ಬೊಟ್ಟಿರುವ ಸಣ್ಣ ಮೀನು, ಅದನ್ನು ವಿಜ್ಞಾನದಲ್ಲಿ ಅಪ್ಲೋಕೈಲಸ್ ಎನ್ನುತ್ತಾರೆ, ಮರಳಿನೊಳಗೆ ಹುದುಗುವ ಮೀಸೆಯ ಮೀನು. ಇವು ಎಲ್ಲೆಲ್ಲೂ ಇರುವ ಜಾತಿಗಳು. ಕಾವೇರಿಯ ಅಪರೂಪದ ಮೀನುಗಳಿಗೆ ಕೈ ಹಾಕಬಾರದು. ಪ್ರಾಣಿಶಾಸ್ತ್ರಜ್ಞ ಜೆರ್ಡನ್ 1849ರಲ್ಲಿ ವರ್ಣಿಸಿದ, ಬೆನ್ನಿನ ರೆಕ್ಕೆಯಿಂದ ದಾರದಂಥ ಎಳೆಗಳು ಇಳಿಬಿದ್ದ ಅರುಲಿಯಸ್ ಎಂಬ ಚೆಲುವಾದ ಮೀನು ಕಾವೇರಿ ಸೀಮೆ ಬಿಟ್ಟರೆ ಬೇರೆಲ್ಲೂ ಇಲ್ಲ. ಈಗ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅದು ಹೊಳೆಯಲ್ಲೇ ಇರಲಿ. ಹಾಗೆಯೇ ಪೇಟೆಯಿಂದ ತಂದ ಮೀನನ್ನು ಬೇಸರವಾಯಿತೆಂದು ಕೆರೆಗೋ ನಾಲೆಗೋ ಬಿಡಬೇಡಿ. ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನು ಹೀಗೆ ಬಿಟ್ಟದ್ದೇ ದಕ್ಷಿಣ ಭಾರತದ ಹಲವು ಕೆರೆಗಳಲ್ಲಿ ಬೆಳೆದು ಬೆಸ್ತರ ಬಲೆ ಹರಿಯುತ್ತಿದೆ.

ಈಗ ಪಕ್ಕದಿಂದ ನೋಡಿ. ಬೆಳ್ಳಿಬೊಟ್ಟಿನ ಮೀನಿನ ಬೆನ್ನು ಚಪ್ಪಟೆ, ಬಾಯಿ ಮೇಲ್ಮುಖ. ಅದರ ಊಟವೆಲ್ಲ ನೀರಿನ ಮೇಲ್ಮೈಯಲ್ಲಿ, ಸೊಳ್ಳೆಮರಿ ಗಾಳಿಗೆಂದು ಬಂದು ತೂಗುವ ಜಾಗದಲ್ಲಿ. ಗೆಂಡೆಯ ಬಾಯಿ ಮುಂದಕ್ಕೆ, ತುಸು ಕೆಳಗೆ, ನಡುನೀರಿನಲ್ಲೂ ತಿನ್ನುತ್ತದೆ, ತಳವನ್ನೂ ಕೆದಕುತ್ತದೆ. ಮರಳಿನ ಮೀನಿನ ಬಾಯಿ ಪೂರ್ತಿ ಕೆಳಮುಖ, ಸುತ್ತ ಮೀಸೆ. ಮರಳನ್ನು ಬಾಯಿಗೆ ತುಂಬಿಕೊಂಡು, ಬೇಕಾದ್ದನ್ನು ಉಳಿಸಿಕೊಂಡು, ಉಳಿದ ಮರಳನ್ನು ಕಿವಿರಿನಿಂದ ಸುರಿಸುತ್ತದೆ. ಒಂದೇ ಗುಂಡಿಯ ಮೂರು ಮೀನು ಒಂದಕ್ಕೊಂದು ಜಗಳವಿಲ್ಲದೆ ಮೂರು ಅಂತಸ್ತಿನಲ್ಲಿ ಬದುಕುತ್ತಿದ್ದವು ಎಂಬುದು ಇಷ್ಟು ವರ್ಷ ನಾಲೆಯ ಏರಿ ಮೇಲೆ ನಿಂತು ನೋಡಿದರೂ ನನಗೆ ಕಂಡಿರಲಿಲ್ಲ. ಬಾಯಿ ನೋಡಿ ಊಟ ಹೇಳುವುದನ್ನು ನಮ್ಮ ಬೀದಿಯ ಮಕ್ಕಳು ಈಗ ಕಲಿತಿದ್ದಾರೆ. ಸಂತೆಯಲ್ಲಿ ಮೀನು ಕಂಡರೂ ಮೊದಲು ಬಾಯಿ ನೋಡುತ್ತಾರೆ.

ಮರಳಿನ ಮೀನನ್ನು ನೋಡಲು 30 ಸೆಂಟಿಮೀಟರ್ ಅಗಲ ಹೆಚ್ಚಾಯಿತು, ಅದು ಹಿಂದಿನ ಗೋಡೆಯ ಬುಡದಲ್ಲಿ ಹುದುಗಿಬಿಡುತ್ತದೆ. ಮುಂದಿನ ತೊಟ್ಟಿಗೆ 90 ಸೆಂಟಿಮೀಟರ್ ಉದ್ದ, 20 ಅಗಲ ಎಂದು ಗುರುತು ಹಾಕಿದ್ದೇನೆ. ಎತ್ತರ ಮಾತ್ರ ಅದೇ 30. ಉದ್ದ ಹೆಚ್ಚಿದ್ದರಿಂದ ಮುಂಗೋಡೆಯ ಮೇಲೆ ಬೀಳುವ ಬಲ 27ರಿಂದ 40 ಕಿಲೋಗೆ ಏರುತ್ತದೆ. 8 ಎಂ.ಎಂ. ಹಾಳೆಯನ್ನೇ ಇಟ್ಟುಕೊಂಡು ಮೇಲಿನ ಕಟ್ಟಿಗೆ ನಡುವೆ ಒಂದು ಅಡ್ಡಪಟ್ಟಿ ಕೂರಿಸುತ್ತೇನೆ. ಶೀಟು ಮರಗೆಲಸದ ಅಂಗಡಿಯಲ್ಲಿದೆ, ಅಂಚು ಹೆರೆಯುವ ಕೆಲಸ ನಡೆದಿದೆ.